ಸೈಕಲ್ ಅಂಗಡಿಯಕ್ಕನ ಶಿಫಾರಸು

ಪುಸ್ತಕ ಓದಿ ಚೆನ್ನಾಗಿದೆ ಅನ್ನುವವರು ಲೋಕದಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಅದರಲ್ಲಿ ಹೆಚ್ಚುಗಾರಿಕೆ ಏನೂ ಇಲ್ಲ. ಓದದೆಯೇ ಚೆನ್ನಾಗಿದೆ ಅನ್ನಬೇಕು, ಕೇಳಿದ ಮಕ್ಕಳು ಆ ಪುಸ್ತಕಕ್ಕಾಗಿ ಜುಟ್ಟು ಹಿಡಿದು ಕಿತ್ತಾಡಬೇಕು. ಆ ವಿದ್ಯೆ ಎಲ್ಲರಿಗೂ ಒಲಿಯುವುದಿಲ್ಲ. ಗಡಿಯಾಚೆ ಆಂಧ್ರದ ಹಿಂದೂಪುರದಲ್ಲಿ ಅದು ಒಲಿದದ್ದು ಸೈಕಲ್ ಅಂಗಡಿ ಜಯರಾಮಪ್ಪನ ಹೆಂಡತಿ ಶಿವಲಕ್ಷ್ಮಮ್ಮನಿಗೆ. ಎಂಬತ್ತರ ದಶಕದ ನಡುವಿನಲ್ಲಿ, ಆ ಊರಿನ ಕನ್ನಡ ಓದುವ ಮಕ್ಕಳು ಯಾವ ಕಾದಂಬರಿ ಓದಬೇಕು, ಯಾವುದು ಓದಬಾರದು ಅಂತ ಹೇಳುವ ಅಧಿಕಾರ ಅವಳದು. ಆ ಅಧಿಕಾರವನ್ನು ಯಾರೂ ಕೊಟ್ಟಿರಲಿಲ್ಲ, ತಾನೇ ತೆಗೆದುಕೊಂಡಿದ್ದಳು.

ಜಯರಾಮಪ್ಪ ಗಂಟೆ ಲೆಕ್ಕದಲ್ಲಿ ಸೈಕಲ್ ಬಾಡಿಗೆಗೆ ಕೊಡುತ್ತಿದ್ದ. ಚಿಕ್ಕ ಸೈಕಲ್ಲುಗಳು ಕೆಲವೇ, ಹತ್ತುವವರು ಊರಿನ ಮಕ್ಕಳೆಲ್ಲ. ಸರದಿಗೆ ಕಾಯುವ ಮಕ್ಕಳು ಬೆಲ್ಲು ಬಾರಿಸುವುದು, ಪೆಡಲು ತಿರುಗಿಸುವುದು, ಪಂಪಿನಿಂದ ಒಬ್ಬರ ಕಿವಿಗೊಬ್ಬರು ಗಾಳಿ ಹೊಡೆಯುವುದು ಎಲ್ಲ ನಡೆಯುತ್ತಿತ್ತು. ಇವರ ಬಾಯಿ ಮುಚ್ಚಿಸಲು ಶಿವಲಕ್ಷ್ಮಮ್ಮ ಅಂಗಡಿಯ ಹಿಂದಿನ ಗೋಡೆಗೆ ಒಂದು ಹಲಗೆ ಹೊಡೆಸಿ ಕತೆಪುಸ್ತಕ ಜೋಡಿಸಿದಳು. ಮುಂದೆ ಯಾರೋ ದೊಡ್ಡವರು ಅದನ್ನು ಸಾಹಿತ್ಯ ಸೇವೆ ಅಂತ ಕರೆದರು. ಆವತ್ತು ಅವಳಿಗಿದ್ದದ್ದು ಸಾಹಿತ್ಯವಲ್ಲ, ತಲೆನೋವು.

ಪುಸ್ತಕ ತರುತ್ತಿದ್ದವನು ಜಯರಾಮಪ್ಪನೇ. ಟ್ಯೂಬು, ಚೈನು, ಬ್ರೇಕಿನ ರಬ್ಬರು ತರಲು ಬೆಂಗಳೂರಿಗೆ ಹೋದಾಗ ಹೊಸ ಮಕ್ಕಳ ಕಾದಂಬರಿಗಳನ್ನೂ ಚೀಲಕ್ಕೆ ತುಂಬಿಕೊಂಡು ಚಿಲಮತ್ತೂರಿನ ಮೇಲೆ ಬರುವ ಬಸ್ಸು ಹಿಡಿಯುತ್ತಿದ್ದ. ಟೈರು ಆರಿಸುವ ಹಾಗೇ ಪುಸ್ತಕ ಆರಿಸುತ್ತಿದ್ದ. ಹೆಬ್ಬೆರಳಿನಲ್ಲಿ ಅದುಮಿ ನೋಡಿ, ಗಟ್ಟಿಯಾಗಿದ್ದರೆ ಒಳ್ಳೆಯ ಪುಸ್ತಕ. ವಿಮರ್ಶಕರಲ್ಲಿ ಇದಕ್ಕಿಂತ ಕಡೆಯಾದ ಅಳತೆಗೋಲು ಇಟ್ಟುಕೊಂಡವರೂ ಇದ್ದಾರೆ ಬಿಡಿ.

ಆ ಕಾದಂಬರಿಗಳ ಚೆಲುವನ್ನು ಏನಂತ ಹೇಳುವುದು. ಯಾವುದನ್ನು ಬಿಚ್ಚಿದರೂ ಒಬ್ಬ ಆಫೀಸರು, ಅವನಿಗೆ ಮೂರು ಜನ ಮುದ್ದು ಮಕ್ಕಳು, ಮಕ್ಕಳಿಗೊಂದು ನಾಯಿ. ರಜಾ ಬಂದ ಕೂಡಲೇ ಎಲ್ಲರೂ ಗಿರಿಧಾಮದ ಬಂಗಲೆಗೆ ಹೋಗುತ್ತಾರೆ. ಅಲ್ಲಿ ಕಳ್ಳರು ಇವರಿಗಾಗಿಯೇ ಕಾದುಕೊಂಡು ಕೂತಿರುತ್ತಾರೆ. ಮಕ್ಕಳು ಬೆಣ್ಣೆ ಹಚ್ಚಿದ ಬ್ರೆಡ್ಡು ತಿಂದು, ಟಾರ್ಚು ಹಿಡಿದು, ಕಳ್ಳರನ್ನು ಹಿಡಿದು, ಇನ್‌ಸ್ಪೆಕ್ಟರ್ ಕೈಯಲ್ಲಿ ಬೆನ್ನು ತಟ್ಟಿಸಿಕೊಂಡು ಶಾಲೆ ಶುರುವಾಗುವ ಹೊತ್ತಿಗೆ ವಾಪಸ್ಸು. ಹಳ್ಳಿಯ ಮಕ್ಕಳೂ ಬರುತ್ತಾರೆ, ಇಲ್ಲವೆಂದಲ್ಲ. 'ಆ ಕಡೆ ಹೋದರು ಸ್ವಾಮಿ' ಅಂತ ಕೈ ತೋರಿಸಲು ಒಬ್ಬ ಬೇಕಲ್ಲ.

ಒಂದು ದಿನ ಮಗ್ಗದವರ ಮನೆಯ ಗಂಗುಲಮ್ಮ ಅನ್ನುವ ಹುಡುಗಿ ಅಂಥ ಪುಸ್ತಕವೊಂದನ್ನು ಕೈಯಲ್ಲಿ ಹಿಡಿದು, ತೆರೆಯದೆ, "ಅಕ್ಕಾ, ಇದ್ರಾಗೆ ಮಗ್ಗದೋರ ಮಕ್ಕಳು ಯಾರಾನಾ ಬತ್ತಾರಾ?" ಅಂತ ಕೇಳಿತು.

ಇಲ್ಲ ಅಂದರೆ ಮುಗಿಯುತ್ತಿತ್ತು. ಶಿವಲಕ್ಷ್ಮಮ್ಮನ ಬಾಯಿಗೆ ಆ ಮಾತು ಬರಲಿಲ್ಲ. "ಬತ್ತಾಳೆ ಕಣೆ. ಒಬ್ಳು ಅವ್ಳೆ, ಅವ್ಳೇ ಗಟ್ಟಿಗಿತ್ತಿ. ಕಳ್ಳ ಉಟ್ಟಿದ್ದ ಪಂಚೆ ಅಂಚು ನೋಡಿ ಯಾವ ಊರಿನ ಮಗ್ಗದ್ದು ಅಂತ ಹೇಳ್ಬುಡ್ತಾಳೆ. ಅವ್ಳಿಲ್ದಿದ್ರೆ ಆ ಆಫೀಸರ್ ಮಕ್ಕಳು ಬ್ರೆಡ್ಡು ತಿನ್ಕಂಡು ಅಲ್ಲೇ ಬಿದ್ದಿರ್ತಿದ್ರು" ಅಂದಳು. ಹುಡುಗಿ ಪುಸ್ತಕವನ್ನು ಎದೆಗೊತ್ತಿಕೊಂಡು ಓಡಿತು.

ಇದು ಸುಳ್ಳು ಅಂತ ನೀವು ಹೇಳಬಹುದು. ಶಿವಲಕ್ಷ್ಮಮ್ಮನಿಗೆ ಹಾಗೆ ಅನ್ನಿಸಲಿಲ್ಲ. ಅವಳ ಅಪ್ಪ ಈರಲಿಂಗಪ್ಪ ಕಲ್ಯಾಣದುರ್ಗದ ಕಡೆ ಹಳ್ಳಿಗಳಲ್ಲಿ ಹರಿಕತೆ ಮಾಡಿಕೊಂಡಿದ್ದವನು. ಯಾವ ಊರಿಗೆ ಹೋದರೂ ಮೊದಲು ಊರೊಳಗೆ ಒಂದು ಸುತ್ತು ಹಾಕಿ, ಅಡಿಗೆಯವನು ಯಾರು, ಗಾಡಿ ಹೊಡೆಯುವವನು ಯಾರು, ಜಗಳಗಂಟಿ ಮುದುಕಿ ಯಾರು ಅಂತ ತಿಳಿದುಕೊಳ್ಳುತ್ತಿದ್ದ. ಕತೆ ಶುರುವಾದ ಮೇಲೆ ದೇವರ ಮದುವೆಗೆ ಅನ್ನ ಬೇಯಿಸಿದವನು ಆ ಊರಿನ ಅಡಿಗೆಯವನೇ, ದಿಬ್ಬಣದ ಗಾಡಿ ಹೊಡೆದವನು ಆ ಊರಿನವನೇ, ಬೀಗಿತಿಯರ ಜೊತೆ ಜಗಳಕ್ಕೆ ನಿಂತವಳು ಮುಂದಿನ ಸಾಲಿನಲ್ಲಿ ಕೂತ ಆ ಮುದುಕಿಯೇ. ಜನ ದೇವರನ್ನು ನೋಡಲು ಬರುತ್ತಿರಲಿಲ್ಲ, ದೇವರ ಮದುವೆಯಲ್ಲಿ ತಾವು ಏನು ಮಾಡಿದೆವು ಅಂತ ಕೇಳಲು ಬರುತ್ತಿದ್ದರು. ಬರದವರಿಗೆ ಹೊಟ್ಟೆಯುರಿ. ಕತೆ ಅಂದರೆ ಕೇಳುವವರನ್ನು ಒಳಗೆ ಕೂರಿಸುವುದು ಅನ್ನುವುದನ್ನು ಶಿವಲಕ್ಷ್ಮಮ್ಮ ಮೊಲೆಹಾಲಿನ ಜೊತೆ ಕುಡಿದಿದ್ದಳು. ಹರಿಕತೆಯನ್ನು ಯಾರೂ ಮನೆಗೆ ಒಯ್ದು ಪುಟ ತಿರುಗಿಸಿ ನೋಡುವುದಿಲ್ಲ, ಪುಸ್ತಕವನ್ನು ನೋಡುತ್ತಾರೆ ಅನ್ನುವ ಚಿಕ್ಕ ವ್ಯತ್ಯಾಸವನ್ನು ಮಾತ್ರ ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ.

ಮಗ್ಗದ ಹುಡುಗಿ ಮೋರೆ ಸಪ್ಪಗೆ ಮಾಡಿಕೊಂಡು ಬಂದು, "ಅಕ್ಕಾ, ಅವ್ಳು ಬರ್ಲೇ ಇಲ್ಲ" ಅಂದಾಗಲೂ ಶಿವಲಕ್ಷ್ಮಮ್ಮ ಜಗ್ಗಲಿಲ್ಲ.

"ಬರ್ದೆ ಎಲ್ಲೋಯ್ತಾಳೆ? ಅವಸರದಾಗೆ ಓದಿರ್ತೀಯ. ಹೋಗು, ಇನ್ನೊಂದು ಸಲ ನಿಧಾನಕ್ಕೆ ಓದು."

ಹುಡುಗಿ ಪಾಪ ಹೋಗಿ ಮತ್ತೆ ಓದಿತು. ಕುರಿ ಕಾಯುವವರ ಹುಡುಗನಿಗೆ ಕುರಿಯ ಹೆಜ್ಜೆಯಿಂದ ದಾರಿ ಹುಡುಕುವವನು ಇದ್ದಾನೆಂದು ಒಂದು ಪುಸ್ತಕ ಹೋಯಿತು. ಪಾತ್ರೆಗೆ ಕಲಾಯಿ ಹಾಕುವ ಸಾಯಿಬರ ಮಗನಿಗೆ ಇನ್ನೊಂದು, ಮಂಡಿಯಲ್ಲಿ ಹುಣಸೆಹಣ್ಣು ಬಿಡಿಸುವವಳ ಮಗಳಿಗೆ ಮತ್ತೊಂದು. ಎಲ್ಲರೂ ತಮ್ಮನ್ನು ತಾವು ಹುಡುಕಿಕೊಂಡು ಒಂದೇ ಪುಸ್ತಕವನ್ನು ಎರಡೆರಡು ಸಲ ಓದಿದರು. ಹಿಂದೂಪುರದ ಮಕ್ಕಳಷ್ಟು ಶ್ರದ್ಧೆಯಿಂದ ಕಾದಂಬರಿ ಓದಿದವರು ಆ ಕಾಲಕ್ಕೆ ಬೇರೆ ಯಾವ ಊರಿನಲ್ಲೂ ಇರಲಿಕ್ಕಿಲ್ಲ. ಸಿಗದೆ ಹೋದವರು ತಮ್ಮ ಓದೇ ಸರಿಯಿಲ್ಲ ಅಂದುಕೊಂಡು ಸುಮ್ಮನಾದರು, ಅಕ್ಕನ ಮೇಲೆ ಅನುಮಾನ ಪಡಲಿಲ್ಲ.

ಜಯರಾಮಪ್ಪ ಮಾತ್ರ ಒಮ್ಮೆ, "ಮಕ್ಕಳಿಗೆ ಹಂಗೆ ಸುಳ್ಳು ಹೇಳ್ಬಾರ್ದು ಕಣೆ, ಪಾಪ ತಟ್ತದೆ" ಅಂದ.

"ನೀವು ಹಳೇ ಟ್ಯೂಬಿಗೆ ಪ್ಯಾಚ್ ಹಾಕಿ ಗಾಳಿ ಹೊಡ್ದು ಕೊಡಲ್ವಾ? ನಾನೂ ಪ್ಯಾಚೇ ಹಾಕಿದ್ದು."

"ನನ್ನ ಪ್ಯಾಚು ಗಾಳಿ ಹಿಡಿತದೆ" ಅಂದು ಅವನು ಸ್ಪಾನರ್ ಹಿಡಿದು ಎದ್ದುಹೋದ. ಆ ಮಾತಿಗೆ ಅವಳು ಕಿವಿ ಕೊಡಲಿಲ್ಲ.

ಏಳನೇ ಕ್ಲಾಸಿನವರೆಗೆ ಓದಿದ್ದ ಶಿವಲಕ್ಷ್ಮಮ್ಮ ಮೊದಮೊದಲು ಪುಸ್ತಕಗಳನ್ನು ಪೂರ್ತಿ ಓದಿಯೇ ಹಲಗೆಗೆ ಏರಿಸುತ್ತಿದ್ದಳು. ಆಮೇಲೆ ಮೊದಲ ಪುಟ, ಕೊನೆಯ ಪುಟ ಸಾಕಾಯಿತು. ಕೊನೆಗೆ ಹೊರಗಿನ ಅಟ್ಟೆಯ ಚಿತ್ರವೊಂದೇ ಸಾಕಾಯಿತು. ಬಂಗಲೆ, ನಾಯಿ, ಟಾರ್ಚು ಕಂಡರೆ ಒಳಗಿನ ಅನ್ನ ಬೆಂದಿದೆಯೋ ಇಲ್ಲವೋ ಅಂತ ಅಗುಳು ಹಿಸುಕಿ ಬೇರೆ ನೋಡಬೇಕೇ? ಹೇಗಿದ್ದರೂ ಮುಖ್ಯವಾದವರನ್ನು ಸೇರಿಸುವವಳು ತಾನೇ. ಬರೆದವನ ಕೆಲಸ ನಾಯಿ, ಬಂಗಲೆ ಒದಗಿಸುವುದು.

ಹೀಗಿರುವಾಗ ಕೇಶವಯ್ಯ ಮೇಷ್ಟ್ರು ಬಂದರು. ಕಲ್ಯಾಣದುರ್ಗದ ಒಂದು ಕನ್ನಡ ಶಾಲೆಯಲ್ಲಿ ಅವರು ಮೇಷ್ಟ್ರು. ಹಿಂದೂಪುರದ ತಂಗಿಯ ಮನೆಗೆ ಬಂದವರು, ಸೋದರಳಿಯನಿಗೆ ಸೈಕಲ್ ಕೊಡಿಸಲು ಅಂಗಡಿ ಮುಂದೆ ನಿಂತು, ಅಕ್ಕ ಮಕ್ಕಳಿಗೆ ಪುಸ್ತಕ ಹೇಳುವ ಪರಿ ಕೇಳಿ ಮಾರುಹೋದರು.

"ನೋಡೀಮ್ಮ, ನವೆಂಬರಿನಲ್ಲಿ ಗ್ರಂಥಾಲಯ ವಾರ ಬರುತ್ತೆ. ನೀವು ನಮ್ಮ ಶಾಲೆಗೆ ಬಂದು ಹೊಸ ಮಕ್ಕಳ ಕಾದಂಬರಿಗಳ ಪರಿಚಯ ಮಾಡಿಕೊಡಬೇಕು. ನಮ್ಮಲ್ಲಿ ಎಲ್ಲ ಥರದ ಮಕ್ಕಳೂ ಇದ್ದಾರೆ. ಪುಸ್ತಕದಲ್ಲೂ ಎಲ್ಲ ಥರದ ಮಕ್ಕಳು ಇರಬೇಕು ಅಂತ ನನ್ನ ಆಸೆ. ಅಂಥವು ಎಲ್ಲಿ ಸಿಗುತ್ತವೋ ಅಂತ ಹುಡುಕ್ತಾನೇ ಇದ್ದೆ."

"ಅಂತಾವು ನಮ್ಮತ್ರ ಬೇಕಾದಷ್ಟವೆ ಸಾರ್" ಅಂದಳು ಶಿವಲಕ್ಷ್ಮಮ್ಮ, ಕಣ್ಣು ಕೂಡ ಮಿಟುಕಿಸದೆ.

ಒಂದು ಶನಿವಾರ ಅವಳು ರೇಷ್ಮೆ ಸೀರೆ ಉಟ್ಟು, ಪುಸ್ತಕದ ಚೀಲ ಹಿಡಿದು ಕಲ್ಯಾಣದುರ್ಗಕ್ಕೆ ಹೋದಳು. ಆ ವಾರವಷ್ಟೇ ಬಂದ ಹೊಚ್ಚಹೊಸ ಕಾದಂಬರಿ ಮೇಲಿತ್ತು. ಹಸಿರು ಅಟ್ಟೆ, ಬಂಗಲೆ, ನಾಯಿ, ಟಾರ್ಚು. ಒಂದು ಪ್ರತಿ ಅಂಗಡಿಯಲ್ಲಿ ಬಿಟ್ಟು ಇನ್ನೊಂದನ್ನು ತಂದಿದ್ದಳು. ಓದಲು ಸಮಯ ಇರಲಿಲ್ಲ ಅಂತಲ್ಲ, ಅವಶ್ಯಕತೆ ಕಾಣಲಿಲ್ಲ.

ಹೆಡ್‌ಮಾಸ್ಟರು ಪುಸ್ತಕದ ಮಹಿಮೆಯ ಬಗ್ಗೆ, ಯಾವ ಪುಸ್ತಕದ ಹೆಸರನ್ನೂ ಎತ್ತದೆ, ಬಿಸಿಲು ಕಿಟಕಿಯಿಂದ ಬಾಗಿಲಿಗೆ ಬರುವ ತನಕ ಮಾತಾಡಿದರು. ಆಮೇಲೆ ಶಿವಲಕ್ಷ್ಮಮ್ಮ ಎದ್ದಳು. ಮೇಷ್ಟ್ರು ಹೇಳಿದ್ದು ನಿಜ, ನೆಲದ ಮೇಲೆ ಎಲ್ಲ ಥರದವರೂ ಇದ್ದರು. ಶೇಂಗಾ ಹೊಲದಿಂದ ನೇರವಾಗಿ ಬಂದು ಕೂತವರು, ಕುರಿಯ ವಾಸನೆಯವರು, ಟೋಪಿ ಹಾಕಿದವರು, ತೆಲುಗಿನಲ್ಲಿ ನಗುವವರು, ಕನ್ನಡದಲ್ಲಿ ಅಳುವವರು. ಅವಳೊಳಗಿನ ಈರಲಿಂಗಪ್ಪ ಮೈಕೊಡವಿಕೊಂಡು ಎದ್ದ. ಒಂದೊಂದೇ ಪುಸ್ತಕ ಎತ್ತಿ ತೋರಿಸುತ್ತ, ಒಬ್ಬೊಬ್ಬರನ್ನೇ ಅದರೊಳಗೆ ಕೂರಿಸುತ್ತ ಬಂದಳು. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳಿದರು.

ಗೋಡೆ ಪಕ್ಕದಲ್ಲಿ ಒಂದು ಹುಡುಗಿ ಎಡಗಾಲು ಮುಂದೆ ಚಾಚಿ ಕೂತಿತ್ತು. ಚಿಕ್ಕಂದಿನಲ್ಲಿ ಪೋಲಿಯೋ ಬಂದು ಆ ಕಾಲು ಸಣಕಲಾಗಿತ್ತು. ಹೆಸರು ಉಡುಸಲಮ್ಮ. ಶಿವಲಕ್ಷ್ಮಮ್ಮ ಹಸಿರು ಅಟ್ಟೆಯ ಪುಸ್ತಕ ಎತ್ತಿದಾಗ ಆ ಹುಡುಗಿ ಕೇಳಿತು:

"ಅಕ್ಕಾ, ಅದ್ರಾಗೆ ನನ್ನಂತೋರು ಇದಾರಾ?"

ಹಿಂದಿನಿಂದ ಒಬ್ಬ "ಕುಂಟಿ" ಅಂದ, ಸುತ್ತಲಿನವರು ಕಿಸಕ್ಕೆಂದರು. ಶಿವಲಕ್ಷ್ಮಮ್ಮನಿಗೆ ಸಿಟ್ಟು ಬಂತು. ಸಿಟ್ಟಿನಲ್ಲಿ ಅವಳ ಕತೆ ಇನ್ನೂ ಚೆನ್ನಾಗಿ ಬರುತ್ತಿತ್ತು.

"ಇದಾಳಾ ಅಂತ ಕೇಳ್ತೀಯಲ್ಲೇ. ಅವ್ಳದೇ ಕತೆ ಇದು. ಒಂದು ಕಾಲು ನಿನ್ನಂಗೇ. ಎಲ್ರೂ ಅತ್ತಿತ್ತ ಓಡಾಡ್ತಿರ್ತಾರೆ, ಇವ್ಳು ಬಂಡೆ ಮೇಲೆ ಕುಂತ್ಕಂಡು ಕಿವಿಗೊಟ್ಟು ಕೇಳ್ತಿರ್ತಾಳೆ. ಯಾರು ಹೆಂಗೆ ಹೆಜ್ಜೆ ಇಡ್ತಾರೆ ಅಂತ ಅವ್ಳಿಗೆ ಗೊತ್ತಾದಂಗೆ ಯಾರಿಗೂ ಗೊತ್ತಾಗಲ್ಲ. ಕತ್ತಲಾಗೆ ಕಳ್ಳ ಬಂದಾಗ ನಾಯಿ ಕೂಡ ಬೊಗಳಲ್ಲ, ಇವ್ಳು 'ಅಗೋ ಅವ್ನೇ' ಅಂತಾಳೆ. ಕೊನೇಗೆ ಇನ್‌ಸ್ಪೆಕ್ಟ್ರು ಬಂದು ಇವ್ಳಿಗೇ ಸಲಾಂ ಹೊಡಿತಾನೆ."

ಕಿಸಕ್ಕೆಂದವರು ಮುಂದಕ್ಕೆ ಸರಿದು ಕೂತರು. ಹುಡುಗಿಯ ಮುಖ ಅರಳಿತು. ಅಷ್ಟು ಸಂತೋಷವನ್ನು ಯಾರೂ ಆ ಮುಖದಲ್ಲಿ ಅದುವರೆಗೆ ನೋಡಿರಲಿಲ್ಲ ಅಂತ ಕಾಣುತ್ತದೆ, ಪಕ್ಕದವರು ಕೂಡ ತಿರುಗಿ ತಿರುಗಿ ನೋಡುತ್ತಿದ್ದರು.

"ಹೆಸರೇನಕ್ಕಾ ಅವ್ಳದು?"

"ಹೆಸ್ರು… ಓದು ಕಣಮ್ಮ, ನಿಂಗೇ ಗೊತ್ತಾಯ್ತದೆ."

ಕೇಶವಯ್ಯ ಮೇಷ್ಟ್ರ ಕಣ್ಣು ತೇವವಾಗಿತ್ತು. ಆ ಭರದಲ್ಲಿ ಅವರು ಪುಸ್ತಕವನ್ನು ಉಡುಸಲಮ್ಮನ ಕೈಗಿತ್ತು, "ನೀನೇ ಮೊದಲು ಓದು. ಸೋಮವಾರ ಇಡೀ ಕ್ಲಾಸಿಗೆ ನೀನೇ ಕತೆ ಹೇಳಬೇಕು" ಅಂತ ಅಪ್ಪಣೆ ಕೊಟ್ಟರು. ಚಪ್ಪಾಳೆ ಬಿತ್ತು. ಶಿವಲಕ್ಷ್ಮಮ್ಮ ಆ ಪುಸ್ತಕ ಶಾಲೆಗೇ ಇರಲಿ ಅಂದು, ಹಾರ ಹಾಕಿಸಿಕೊಂಡು, ಟೀ ಕುಡಿದು, ಸಂಜೆಯ ಬಸ್ಸು ಹತ್ತಿದಳು.

ಭಾನುವಾರ ಬೆಳಿಗ್ಗೆ ಸೈಕಲ್ ಅಂಗಡಿ ಮುಂದೆ ಜಾತ್ರೆ. ಒಳಗೆ ಚಹಾ ಸೋಸುತ್ತಿದ್ದ ಶಿವಲಕ್ಷ್ಮಮ್ಮನಿಗೆ ಹೊರಗೆ ಮಕ್ಕಳ ನಗು ಕೇಳಿಸಿತು. ಬಂದು ನೋಡಿದರೆ ಮಂಡಿ ಸೇಠು ಕೊಟ್ಟೂರಪ್ಪನ ಮಗ ಹಸಿರು ಅಟ್ಟೆಯ ಪುಸ್ತಕ ಕಂಕುಳಿಗೆ ಸಿಕ್ಕಿಸಿಕೊಂಡು, ಒಂದು ಕಾಲು ಎಳೆಯುತ್ತ, ಬಾಯಿ ಸೊಟ್ಟ ಮಾಡಿ, ರಸ್ತೆಯುದ್ದಕ್ಕೂ ಕುಪ್ಪಳಿಸುತ್ತಿದ್ದ. ಮಿಕ್ಕವರು ಹಿಂದೆ "ಕುಂಟಿ ದೊಂಗ, ಪಟ್ಟುಕೋ ಪಟ್ಟುಕೋ" ಅಂತ ತೆಲುಗಿನಲ್ಲಿ ಕೂಗುತ್ತ ಅಟ್ಟಿಸಿಕೊಂಡು ಹೋಗುತ್ತಿದ್ದರು. ಕುಂಟ ಕಳ್ಳನನ್ನು ಹಿಡಿಯುವ ಆಟ.

"ಏನ್ಲಾ ಅದು?"

"ಪುಸ್ತಕದಾಗೆ ಐತೆ ಅಕ್ಕಾ. ಕಳ್ಳ ಕುಂಟ. ಶ್ಯಾನೆ ಚೆನ್ನಾಗೈತೆ."

ಶಿವಲಕ್ಷ್ಮಮ್ಮ ಪುಸ್ತಕ ಕಸಿದುಕೊಂಡು, ಗ್ರೀಸಿನ ಬೆರಳಚ್ಚು ಬಿದ್ದ ಪುಟ ತೆರೆದಳು. ಎಷ್ಟೋ ಕಾಲದ ಮೇಲೆ ಮಕ್ಕಳ ಕಾದಂಬರಿಯ ಒಳಪುಟವೊಂದನ್ನು ಅವಳು ಓದಿದ್ದು ಅದೇ. 'ಕುಂಟುತ್ತ ಬಂದ ಆ ವಿಕಾರ ಮನುಷ್ಯನನ್ನು ನೋಡಿದ ಕೂಡಲೇ, ಇವನೇ ಕಳ್ಳನಿರಬೇಕೆಂದು ಮಕ್ಕಳಿಗೆ ಅನಿಸಿತು.' ಮುಂದಕ್ಕೆ ಪುಟ ಹಾರಿಸಿ ಹಾರಿಸಿ ನೋಡಿದರೆ, ಎಲ್ಲೆಲ್ಲಿ ಅವನು ಬಂದರೂ ಆ ಕಾಲಿನ ವರ್ಣನೆ, ಅದನ್ನು ನೋಡಿ ನಾಯಿ ಬೊಗಳುವುದು. ಕೊನೆಯಲ್ಲಿ ಅವನನ್ನು ಕಟ್ಟಿಹಾಕಿ ಮಕ್ಕಳು ಅವನ ನಡಿಗೆಯನ್ನು ಅಣಕಿಸಿ ನಗುತ್ತಾರೆ, ಇನ್‌ಸ್ಪೆಕ್ಟರೂ ನಗುತ್ತಾನೆ. ಪುಸ್ತಕದ ತುಂಬ ಕಾಲು ಸರಿಯಿಲ್ಲದವನು ಅವನೊಬ್ಬನೇ.

ನಾಳೆ ಸೋಮವಾರ. ಇಡೀ ಕ್ಲಾಸಿನ ಮುಂದೆ ಆ ಹುಡುಗಿ ಎದ್ದು ನಿಂತು ಈ ಕತೆ ಹೇಳಬೇಕು. 'ಒಂದು ಕಾಲು ನಿನ್ನಂಗೇ' ಅಂದವಳು ತಾನೇ. ಅಲ್ಲಿಂದ ಮುಂದೆ ಶಾಲೆ ಮುಗಿಯುವವರೆಗೆ ಆ ಹುಡುಗಿಗೆ ಹೆಸರು ಯಾವುದು ಅಂತ ಜೋಯಿಸರನ್ನು ಕೇಳಬೇಕಾಗಿರಲಿಲ್ಲ.  ಶಿವಲಕ್ಷ್ಮಮ್ಮ ಚಹಾ ಅಲ್ಲೇ ಬಿಟ್ಟು, ಉಟ್ಟ ಸೀರೆಯಲ್ಲೇ ಬಸ್ ಸ್ಟ್ಯಾಂಡಿಗೆ ಓಡಿದಳು. "ಎಲ್ಲಿಗೇ?" ಅಂತ ಜಯರಾಮಪ್ಪ ಕೂಗಿದ್ದಕ್ಕೆ, "ಪಂಚರ್ ಆಗೈತೆ" ಅಂದಳಂತೆ.

ಬಸ್ಸಿನಲ್ಲಿ ಅವಳ ತಲೆ ಸುಮ್ಮನಿರಲಿಲ್ಲ, ಸುಳ್ಳು ಹೊಸೆಯುತ್ತಲೇ ಇತ್ತು. ಸೋಮಂದೇಪಲ್ಲಿ ಬರುವಷ್ಟರಲ್ಲಿ, ಪುಟಗಳು ಹರಿದುಹೋಗಿವೆ ಅನ್ನೋಣ ಅಂತ ಇತ್ತು. ಹೊಚ್ಚಹೊಸ ಪುಸ್ತಕದಲ್ಲಿ ಎಂಥ ಹರಿದ ಪುಟ? ಪೆನುಗೊಂಡದಲ್ಲಿ, ಪ್ರೆಸ್ಸಿನವರು ತಪ್ಪು ಮಾಡಿದ್ದಾರೆ ಅಂತ ಆಯಿತು. ಕಲ್ಯಾಣದುರ್ಗದಲ್ಲಿ ಇಳಿಯುವ ಹೊತ್ತಿಗೆ ಎರಡನೇ ಭಾಗ ಸಿದ್ಧವಾಗಿತ್ತು. ಬರೆದವನಿಗೇ ಗೊತ್ತಿಲ್ಲದ ಎರಡನೇ ಭಾಗ. ಇದಕ್ಕಿಂತ ಹೆಚ್ಚಾಗಿ ಅವಳು ನೆಚ್ಚಿಕೊಂಡಿದ್ದದ್ದು ಒಂದೇ, ಹುಡುಗಿ ನಿಧಾನಕ್ಕೆ ಓದುವವಳಾಗಿರಲಿ, ಇನ್ನೂ ಆ ಪುಟಕ್ಕೆ ಬಂದಿರದಿರಲಿ, ಪುಸ್ತಕ ಕಿತ್ತುಕೊಂಡು ಬಂದುಬಿಡೋಣ ಅಂತ.

ಉಡುಸಲಮ್ಮನ ಮನೆ ಮುಂದೆ ಕಿತ್ತುತಂದ ಶೇಂಗಾ ಗಿಡದ ಗುಡ್ಡೆ ಬಿದ್ದಿತ್ತು. ಅವಳ ತಾಯಿ ಮುನಿಯಕ್ಕ ಕಾಯಿ ಬಿಡಿಸುತ್ತ ಕೂತಿದ್ದಳು, ಪಕ್ಕದಲ್ಲಿ ಹುಡುಗಿ. ಪುಸ್ತಕ ಜಗಲಿಯ ಮೇಲೆ, ಮುಚ್ಚಿ ಇಟ್ಟಿತ್ತು.

"ಓದಿ ಆಯ್ತಾ ಕಣಮ್ಮ?" ಅಂದಳು ಶಿವಲಕ್ಷ್ಮಮ್ಮ, ಇನ್ನೂ ನಿಂತುಕೊಂಡೇ.

"ಆಯ್ತು. ಎರಡು ಸಲ." ಹುಡುಗಿ ತಲೆ ಎತ್ತಲಿಲ್ಲ. "ಮೊದಲ್ನೇ ಸಲ ಅವ್ಳು ಸಿಗ್ಲಿಲ್ಲ. ನಾನೇ ಎಲ್ಲೋ ಬಿಟ್ಬುಟ್ಟಿದೀನೇನೋ ಅಂತ ಇನ್ನೊಂದು ಸಲ ಓದ್ದೆ."

ಹಿಂದೂಪುರದ ಮಕ್ಕಳಿಗೆಲ್ಲ ತಾನೇ ಕೊಡುತ್ತಿದ್ದ ಬುದ್ಧಿಮಾತನ್ನು ಈ ಹುಡುಗಿ ಯಾರೂ ಹೇಳದೆಯೇ ಪಾಲಿಸಿತ್ತು. ಕುಂಟ ಕಳ್ಳನನ್ನು ಅದು ಎರಡು ಸಲ ಓದಿತ್ತು. ಶಿವಲಕ್ಷ್ಮಮ್ಮ ಶೇಂಗಾ ಗುಡ್ಡೆಯ ಪಕ್ಕ ಕೂತಳು. ಆದರೂ ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲವಲ್ಲ.

"ಅವ್ಳು ಎರಡ್ನೇ ಭಾಗದಾಗೆ ಬತ್ತಾಳೆ ಕಣಮ್ಮ."

"ನೀವು ಓದಿದೀರಾ ಎರಡ್ನೇ ಭಾಗ?"

"ಇನ್ನ ಇಲ್ಲ."

"ಇದನ್ನ?"

ಒಂದು ಶೇಂಗಾ ಗಿಡ ಎತ್ತಿಕೊಂಡು ಶಿವಲಕ್ಷ್ಮಮ್ಮ ಕಾಯಿ ಕೀಳತೊಡಗಿದಳು. ಎಷ್ಟು ಕಿತ್ತರೂ ಹುಡುಗಿ ಉತ್ತರಕ್ಕೆ ಕಾಯುತ್ತಲೇ ಇತ್ತು.

"ಇಲ್ಲ ಕಣಮ್ಮ" ಅಂದಳು. "ಇದನ್ನೂ ಓದಿಲ್ಲ. ಬಾಯಿಗೆ ಬಂದಂಗೆ ಹೇಳ್ದೆ."

ಮುನಿಯಕ್ಕ ಕೈ ನಿಲ್ಲಿಸಿ, "ಓದ್ದೆ ಇರೋದನ್ನ ಅದೆಂಗೆ ತಾಯಿ ಓದಿ ಅಂತ ಹೇಳಿದ್ರಿ?" ಅಂತ ಕೇಳಿದಳು. ಕುಹಕವಿರಲಿಲ್ಲ, ತಿಳಿಯಲೆಂದೇ ಕೇಳಿದ್ದು. ಶಿವಲಕ್ಷ್ಮಮ್ಮನಿಗೆ ಕುಹಕವೇ ಆಗಿದ್ದರೆ ಚೆನ್ನಾಗಿತ್ತು ಅನ್ನಿಸಿತು.

"ನಾಳೆ ನಾನು ಇಸ್ಕೂಲಿಗೆ ಹೋಗಲ್ಲ" ಅಂದಿತು ಹುಡುಗಿ. ಅಳಲಿಲ್ಲ. ಅಳುವುದೆಲ್ಲ ನಿನ್ನೆಯೇ ಮುಗಿದಿತ್ತು, ಕಣ್ಣು ಊದಿಕೊಂಡಿದ್ದದ್ದು ಈಗ ಕಾಣಿಸಿತು. "ಅವ್ರೆಲ್ಲ ಕೇಳ್ತಾರೆ, ಏನ್ ಮಾಡಿದ್ಳು ನಿನ್ನಂತೋಳು ಅಂತ. ಕಳ್ತನ ಮಾಡಿದ್ಳು ಅನ್ಲಾ?"

"ನಾನು ಹೇಳಿದ್ದೇ ಹೇಳ್ಬುಡು. ಅದೇ ಚೆನ್ನಾಗೈತಲ್ಲ."

"ಆಮೇಕೆ ಅವ್ರು ಓದಲ್ವಾ? ಪುಸ್ತಕ ಇಸ್ಕೂಲಿಗೆ ಕೊಟ್ಟಿದೀರಲ್ಲ." ಹುಡುಗಿ ಮೊದಲ ಸಲ ಅವಳ ಮುಖ ನೋಡಿತು. "ನೀವೇ ಹೋಗಿ ಹೇಳಿ."

"ಏನಂತ?"

"ಓದಿಲ್ಲ ಅಂತ."

ಇಷ್ಟೇ ಮಾತು. ದೊಡ್ಡ ಬೆಟ್ಟ ಹೊರುವ ಕೆಲಸವೇನಲ್ಲ. ಆದರೆ ನಮ್ಮ ನಾಡಿನಲ್ಲಿ ಪುಸ್ತಕದ ಬಗ್ಗೆ ವೇದಿಕೆ ಹತ್ತಿದ ಯಾವ ಮಹನೀಯರೂ ಈವರೆಗೆ ಹೇಳದ ಮಾತು ಅದು. ಏಳನೇ ಕ್ಲಾಸಿಗೇ ಓದು ಬಿಟ್ಟ ಶಿವಲಕ್ಷ್ಮಮ್ಮನ ಹೆಗಲಿಗೆ ಬಂದು ಬಿತ್ತು. ಆ ರಾತ್ರಿ ತವರಿನ ನೆಂಟರ ಮನೆಯಲ್ಲಿ ಉಳಿದುಕೊಂಡಳು.

ಸೋಮವಾರ ಅವಳನ್ನು ಮತ್ತೆ ಕಂಡು ಕೇಶವಯ್ಯ ಮೇಷ್ಟ್ರಿಗೆ ಹಿಡಿಸಲಾರದಷ್ಟು ಆನಂದ. "ನೋಡಿ ಮಕ್ಕಳೇ, ಕತೆ ಕೇಳಲು ಅಷ್ಟು ದೂರದಿಂದ ಬಂದಿದ್ದಾರೆ. ಓದಿನ ಪ್ರೀತಿ ಅಂದರೆ ಇದು" ಅಂದರು. ಒಂದೊಂದು ಹೊಗಳಿಕೆಯೂ ಮೆಣಸಿನಕಾಯಿ ಅರೆದು ಹಚ್ಚಿದ ಹಾಗಿತ್ತು. ಉಡುಸಲಮ್ಮ ಕಾಣಲಿಲ್ಲ. ಗೋಡೆ ಪಕ್ಕದ ಜಾಗ ಖಾಲಿ. "ಕುಂಟಿ ಬಂದಿಲ್ಲ ಸಾರ್" ಅಂತ ಅದೇ ಹಿಂದಿನ ಸಾಲಿನವನು ವರದಿ ಒಪ್ಪಿಸಿದ.

ಶಿವಲಕ್ಷ್ಮಮ್ಮ ಎದ್ದಳು.

"ನೋಡ್ರಪ್ಪ, ಶನಿವಾರ ನಾನು ಒಂದು ಪುಸ್ತಕ ತೋರಿಸಿ ಕತೆ ಹೇಳಿದ್ನಲ್ಲ. ಆ ಪುಸ್ತಕ ನಾನು ಓದಿಲ್ಲ. ಅಟ್ಟೆ ನೋಡಿ ಹೇಳ್ದೆ. ನಾನು ಹೇಳಿದ ಹುಡುಗಿ ಅದ್ರಾಗಿಲ್ಲ. ಮಿಕ್ಕಿದ ಪುಸ್ತಕದಾಗೂ ನಾನು ಹೇಳಿದೋರು ಯಾರೂ ಇಲ್ಲ. ಎಲ್ಲಾ ನಾನೇ ಸೇರಿಸಿದ್ದು."

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಒಬ್ಬ ನಕ್ಕ. ದೊಡ್ಡವರು ಓದದೆ ಬರುತ್ತಾರೆ, ಬಂದು ಸಿಕ್ಕಿಹಾಕಿಕೊಳ್ಳುತ್ತಾರೆ ಅನ್ನುವುದು ಮಕ್ಕಳಿಗೆ ಹಬ್ಬದ ಸುದ್ದಿ. ಇಡೀ ಕ್ಲಾಸು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮೇಷ್ಟ್ರು ಬೆತ್ತ ಎಲ್ಲಿದೆ ಅಂತ ಹುಡುಕಿದರು, ಯಾರಿಗೆ ಹೊಡೆಯಬೇಕೆಂದು ತಿಳಿಯದೆ ಸುಮ್ಮನಾದರು. ಶಿವಲಕ್ಷ್ಮಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ನಿಂತೇ ಇದ್ದಳು. ನಗು ನಿಂತ ಮೇಲೆ, "ಓದಿರೋಳು ಉಡುಸಲಮ್ಮ ಒಬ್ಳೇ. ಪುಸ್ತಕ ಹೆಂಗೈತೆ ಅಂತ ಅವ್ಳೇ ಹೇಳ್ಬೇಕು, ನಾನಲ್ಲ" ಅಂದಳು.

"ಹೇಳ್ತೀನಿ" ಅಂತ ಬಾಗಿಲ ಕಡೆಯಿಂದ ದನಿ ಬಂತು. ಉಡುಸಲಮ್ಮ ಹೊರಗಡೆ ಗೋಡೆಗೆ ಒರಗಿ ನಿಂತು ಎಲ್ಲ ಕೇಳಿಸಿಕೊಂಡಿತ್ತು. ಪುಸ್ತಕ ಹಿಡಿದು, ಕಾಲೆಳೆಯುತ್ತ, ಅವಸರ ಮಾಡದೆ ಒಳಗೆ ಬಂದು ಮೇಷ್ಟ್ರ ಮೇಜಿನ ಪಕ್ಕ ನಿಂತಿತು. ಈ ಸಲ ಯಾರೂ 'ಕುಂಟಿ' ಅನ್ನಲಿಲ್ಲ. ಪುಸ್ತಕ ಓದಿದವಳು ಆ ಕೋಣೆಯಲ್ಲಿ ಅವಳೊಬ್ಬಳೇ ಅಂತ ಈಗಷ್ಟೇ ಗೊತ್ತಾಗಿತ್ತು.

"ನಾಯಿ ಚೆನ್ನಾಗೈತೆ. ಬಂಗಲೆ ಚೆನ್ನಾಗೈತೆ. ಇದ್ರಾಗೆ ಒಬ್ಬ ಕುಂಟ ಅವ್ನೆ, ಅವ್ನೇ ಕಳ್ಳ ಅಂತ ಬರ್ದೈತೆ. ಅವ್ನು ಬಂಗಲೆ ಕಾಂಪೌಂಡು ಹಾರಿ ಓಡೋಗ್ತಾನಂತೆ." ತನ್ನ ಕಾಲನ್ನು ಒಂದು ಸಲ ನೋಡಿಕೊಂಡಿತು, ಆಮೇಲೆ ಹಿಂದಿನ ಸಾಲನ್ನು ನೋಡಿತು. "ಈ ಕಾಲಿಟ್ಕಂಡು ಯಾರು ಕಾಂಪೌಂಡು ಹಾರ್ತಾರೆ? ಬರ್ದೋನಿಗೆ ಕುಂಟ್ರು ಯಾರೂ ಗೊತ್ತಿಲ್ಲ, ಅಷ್ಟೆ."

ಹಿಂದಿನ ಸಾಲಿನವನು ಎದ್ದುನಿಂತು, "ನಂಗೆ ಕೊಡೇ, ಓದಿ ಕೊಡ್ತೀನಿ" ಅಂದ. ಪಕ್ಕದವರೂ ಕೈ ಚಾಚಿದರು. ಸುಳ್ಳು ಹೇಳಿ ಹೊಗಳಿದಾಗ ಇಲ್ಲದ ನೂಕುನುಗ್ಗಲು ಈಗ ಶುರುವಾಯಿತು. ಉಡುಸಲಮ್ಮ ಪುಸ್ತಕವನ್ನು ಯಾರ ಕೈಗೂ ಸಿಗದ ಹಾಗೆ ಮೇಲಕ್ಕೆತ್ತಿತು.

"ಮೊದ್ಲು ಅಕ್ಕ ಓದ್ಲಿ. ಅವ್ರಿನ್ನೂ ಓದಿಲ್ಲ."

ಮತ್ತೊಮ್ಮೆ ನಗು. ಎಲ್ಲರಿಗಿಂತ ಜೋರಾಗಿ ನಕ್ಕವಳು ಉಡುಸಲಮ್ಮನೇ. ಶಿವಲಕ್ಷ್ಮಮ್ಮ ಎರಡೂ ಕೈಯಲ್ಲಿ ಪುಸ್ತಕ ಇಸಿದುಕೊಂಡು, ಗೋಡೆ ಪಕ್ಕದಲ್ಲಿ ಹುಡುಗಿ ತೋರಿಸಿದ ಜಾಗದಲ್ಲಿ ಅವಳ ಪಕ್ಕ ಕೂತಳು. ಮಧ್ಯಾಹ್ನದ ಬಸ್ಸು ತಪ್ಪುತ್ತದೆ ಅಂತ ಗೊತ್ತಿತ್ತು. ಮೊದಲ ಪುಟ ತೆರೆದಳು. ಅಭ್ಯಾಸಬಲದಿಂದ ಬೆರಳು ಸೀದಾ ಕೊನೆಯ ಪುಟಕ್ಕೆ ಹೋಗುವುದನ್ನು ಕಂಡು ಹುಡುಗಿ ಅವಳ ಕೈ ಹಿಡಿದುಕೊಂಡಿತು.

"ಹಾರಿಸ್ಬ್ಯಾಡಿ ಅಕ್ಕಾ. ಎಲ್ಲಾ ಓದಿ."